ಮನೆ ಕಟ್ಟಿಸುವವರಿಗೆ ಮೇಷ್ಟ್ರಾದ ಲಾರಿ ಬೇಕರ್

ಊರಲ್ಲೊಂದು ಮನೆ ಕಟ್ಟಿಸಬೇಕು. ಹೊರರಾಜ್ಯದಲ್ಲಿ ದುಡಿಯುವ ನಮ್ಮಂಥವರ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಕೊಚ್ಚಿಯ ಕಾಕ್ಕನಾಡಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಯಾರಾದರೊಬ್ಬರ ಮೊಬೈಲಿನಲ್ಲಿ ಮನೆಯ ಪ್ಲ್ಯಾನ್ ಇದ್ದೇ ಇರುತ್ತದೆ. ಎಲಿವೇಶನ್ ಹೇಗಿರಬೇಕು, ಟೈಲ್ಸ್ ಯಾವುದು ಎಂಬ ಚರ್ಚೆ ಜೋರಾಗಿಯೇ ನಡೆಯುತ್ತದೆ. ಆದರೆ ಆ ಮನೆಯಲ್ಲಿ ವರ್ಷಪೂರ್ತಿ ಇರುವವರು ಅಪ್ಪ, ಅಮ್ಮ ಇಬ್ಬರೇ. ಏಪ್ರಿಲ್ ಸೆಕೆಯಲ್ಲಿ ಅವರಿಗೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಲು ಆಗುತ್ತದೆಯೇ ಎಂಬ ಮಾತು ಮಾತ್ರ ಪ್ಲ್ಯಾನಿನಲ್ಲಿ ಎಲ್ಲೂ ಇರುವುದಿಲ್ಲ.

ನಮ್ಮ ಮನೆಯಲ್ಲೂ ಈಗ ಅದೇ ಸುದ್ದಿ. ಕುಂದಾಪುರದ ಹತ್ತಿರ ಅಜ್ಜ ಕಟ್ಟಿಸಿದ ಹೆಂಚಿನ ಮನೆ ಇದೆ. ಮಾಡಿನ ಪಕಾಸಿಗೆ ಗೆದ್ದಲು ಹಿಡಿದಿದೆ. ಅದನ್ನು ಕೆಡವಿ ತಾರಸಿ ಮನೆ ಕಟ್ಟಿಸಬೇಕೆಂಬುದು ಅಪ್ಪಯ್ಯನ ಆಸೆ. ಹಣ ಹೊಂದಿಸುವ ಕೆಲಸ ನನ್ನದು. ಬ್ಯಾಂಕ್ ಸಾಲವೆಂದರೆ ಮುಂದಿನ 20 ವರ್ಷದ ನನ್ನ ಸಂಬಳದ ಮೇಲೆ ಬೀಳುವ ಭಾರ. ಎಂ.ಟೆಕ್. ಓದಿದ್ದೇನೆ, ಆದರೆ ಕಂಪ್ಯೂಟರ್ ವಿಷಯದಲ್ಲಿ. ಒಂದು ಗೋಡೆಗೆ ಎಷ್ಟು ಇಟ್ಟಿಗೆ ಬೇಕೆಂದು ಕೇಳಿದರೆ ಗೊತ್ತಿರಲಿಲ್ಲ. ಆಗ ನಾನು ಓದಲು, ರೈಲು ಹತ್ತಿ ಹೋಗಿ ನೋಡಲು ಶುರುಮಾಡಿದ್ದು ಲಾರಿ ಬೇಕರ್ ಅವರ ಕೆಲಸವನ್ನು. ಕೇರಳದಲ್ಲಿ ಮನೆ ವಿಚಾರ ಎತ್ತಿದರೆ ಇಂದಿಗೂ ಅವರ ಹೆಸರು ಬಾರದೆ ಇರುವುದಿಲ್ಲ. ಅವರ ಬದುಕನ್ನು ತಿಳಿದ ಮೇಲೆ ನನಗನ್ನಿಸಿದ್ದು ಇಷ್ಟು: ಅವರು ಕಟ್ಟಿದ್ದಕ್ಕಿಂತ ಕಲಿಸಿದ್ದು ಹೆಚ್ಚು. ಅದೂ ಮೇಸ್ತ್ರಿಗಳಿಗಷ್ಟೇ ಅಲ್ಲ, ಹಣ ಕೊಟ್ಟು ಮನೆ ಕಟ್ಟಿಸುವ ನಮ್ಮಂಥವರಿಗೆ.

ಬೇಕರ್ ಹುಟ್ಟಿದ್ದು 1917ರ ಮಾರ್ಚ್ 2ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅದೇ ಊರಿನಲ್ಲಿ ವಾಸ್ತುಶಿಲ್ಪ ಓದಿ 1937ರಲ್ಲಿ ಪದವಿ ಪಡೆದರು. ಹದಿಹರೆಯದಲ್ಲೇ ಕ್ವೇಕರ್ ಪಂಥದತ್ತ ಒಲಿದಿದ್ದರು. ಆಡಂಬರವಿಲ್ಲದ ಬದುಕು, ಯಾವ ಕಾರಣಕ್ಕೂ ಯುದ್ಧ ಬೇಡವೆಂಬ ನಿಲುವು ಆ ಪಂಥದ್ದು. ಎರಡನೇ ಮಹಾಯುದ್ಧ ಶುರುವಾದಾಗ ಬಂದೂಕು ಹಿಡಿಯಲು ಒಪ್ಪದೆ ಫ್ರೆಂಡ್ಸ್ ಆಂಬುಲೆನ್ಸ್ ಯೂನಿಟ್ ಸೇರಿದರು. ಅರಿವಳಿಕೆ ಕೊಡುವ ಕೆಲಸ ಕಲಿತು ಚೀನಾಕ್ಕೆ ಹೋದರು. ಅಲ್ಲಿ ಗಾಯಾಳುಗಳ ಆರೈಕೆ ಮಾಡಿದರು, ಆಮೇಲೆ ಕುಷ್ಠರೋಗಿಗಳ ಶುಶ್ರೂಷೆಗೆ ನಿಂತರು. ಮನೆ ಕಟ್ಟಲು ಕಲಿತವರು ಮೊದಲು ಮಾಡಿದ್ದು ರೋಗಿಗಳ ಸೇವೆ. ಮುಂದೆ ಅವರು ಕಟ್ಟಿದ ಮನೆಗಳಲ್ಲಿ ಗಾಳಿ, ಬೆಳಕು, ನೆರಳಿಗೆ ಯಾಕೆ ಅಷ್ಟು ಮರ್ಯಾದೆ ಎಂಬುದಕ್ಕೆ ಉತ್ತರ ಇಲ್ಲಿದೆ ಎಂದು ನನ್ನ ಎಣಿಕೆ.

ಯುದ್ಧ ಮುಗಿಯುವ ಮೊದಲೇ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹೊರಟರು. ಬೊಂಬಾಯಿಯಲ್ಲಿ ಹಡಗಿಗಾಗಿ ಸುಮಾರು ಮೂರು ತಿಂಗಳು ಕಾಯಬೇಕಾಯಿತು. ಆಗ ಗಾಂಧೀಜಿಯವರ ಭೇಟಿಯಾಯಿತು. ಬೇಕರ್ ಕಾಲಲ್ಲಿ ಚಿಂದಿ ಬಟ್ಟೆಯಿಂದ ಕೈಯಲ್ಲೇ ಹೊಲಿದ ಚೀನೀ ಮಾದರಿಯ ಪಾದರಕ್ಷೆ ಇತ್ತು. ಗಾಂಧೀಜಿಯ ಕಣ್ಣಿಗೆ ಬಿದ್ದದ್ದು ಅದೇ. ಮಾತು ಬೆಳೆದದ್ದೂ ಅಲ್ಲಿಂದಲೇ. ಆ ಮಾತುಕತೆಯಲ್ಲಿ ಒಂದು ವಿಚಾರ ಬೇಕರ್ ಮನಸ್ಸಿನಲ್ಲಿ ಉಳಿಯಿತು. ಹಳ್ಳಿಯ ಮನೆಯನ್ನು ಅದರ ಸುತ್ತ ಐದು ಮೈಲಿಯೊಳಗೆ ಸಿಗುವ ಸಾಮಗ್ರಿಯಿಂದಲೇ ಕಟ್ಟಬೇಕು ಎಂಬುದು ಗಾಂಧೀಜಿಯ ನಂಬಿಕೆಯಾಗಿತ್ತು. ಹೊಸದಾಗಿ ಓದಿ ಬಂದ ವಾಸ್ತುಶಿಲ್ಪಿಗೆ ಇದು ಆಗ ವಿಚಿತ್ರವಾಗಿ ಕಂಡಿರಲೂಬಹುದು. ಮುಂದಿನ ಅರವತ್ತು ವರ್ಷ ಅವರು ಮಾಡಿದ್ದು ಮಾತ್ರ ಬಹುಪಾಲು ಅದನ್ನೇ.

1945ರಲ್ಲಿ ಅವರು ಭಾರತಕ್ಕೆ ಮರಳಿದರು, ಕುಷ್ಠರೋಗ ಸೇವೆಯ ಕ್ರೈಸ್ತ ಸಂಸ್ಥೆಯೊಂದರ ವಾಸ್ತುಶಿಲ್ಪಿಯಾಗಿ. ಆಗತಾನೆ ಸಲ್ಫೋನ್ ಔಷಧಗಳು ಬರತೊಡಗಿದ್ದವು. ರೋಗಿಗಳನ್ನು ಊರಾಚೆ ಕೂಡಿಹಾಕುತ್ತಿದ್ದ ಜಾಗಗಳನ್ನು ಇನ್ನು ಗುಣಪಡಿಸುವ ಆಸ್ಪತ್ರೆಗಳಾಗಿ ಬದಲಿಸಬೇಕಿತ್ತು. ಅದೇ ಸಂಸ್ಥೆಯ ವೈದ್ಯ ಡಾ. ಪಿ.ಜೆ. ಚಾಂಡಿ ಅವರ ತಂಗಿ ಡಾ. ಎಲಿಜಬೆತ್ ಜೇಕಬ್ ಕೇರಳ ಮೂಲದವರು, ಹೈದರಾಬಾದಿನಲ್ಲಿ ವೈದ್ಯೆ. ಇಬ್ಬರಿಗೂ ಮನಸ್ಸಾಯಿತು, ಎರಡೂ ಮನೆಯವರ ವಿರೋಧವಿತ್ತು. 1948ರಲ್ಲಿ ಮದುವೆಯಾಯಿತು. ಹೊಸ ಜೋಡಿ ಕುಮಾವೂಂ ಬೆಟ್ಟಗಳ ಪಿಥೋರಾಗಢದ ಕಡೆಗೆ ಸುತ್ತಾಡಲು ಹೋಯಿತು. ಡಾಕ್ಟರು ಬಂದಿದ್ದಾರೆಂದು ತಿಳಿದ ಜನ ಬಂದು ಸೇರತೊಡಗಿದರು. ಹೋದವರು ಅಲ್ಲೇ ನಿಂತರು, ಸುಮಾರು ಹದಿನಾರು ವರ್ಷ.

ಬೇಕರ್ ಅವರ ನಿಜವಾದ ಕಾಲೇಜು ಆ ಬೆಟ್ಟ. ಇಂಗ್ಲೆಂಡಿನ ಪುಸ್ತಕಗಳಲ್ಲಿ ಗೆದ್ದಲಿಗೆ ಉತ್ತರವಿರಲಿಲ್ಲ, ಜಡಿಮಳೆಗೂ ಇರಲಿಲ್ಲ, ಸೆಗಣಿ ಮಣ್ಣಿನ ಹೆಸರೇ ಇರಲಿಲ್ಲ. ಊರಿನ ಮೇಸ್ತ್ರಿಗಳು ಮಾತ್ರ ಅಲ್ಲಿಯ ಕಲ್ಲು, ಮಣ್ಣು, ಮರದಿಂದ ಚಳಿ, ಮಳೆ ಎರಡನ್ನೂ ತಡೆಯುವ ಮನೆ ಕಟ್ಟುತ್ತಿದ್ದರು. ಶತಮಾನಗಳ ಕಾಲ ಮಾಡಿ ನೋಡಿ, ಕೆಟ್ಟದ್ದನ್ನು ಬಿಟ್ಟು, ಒಳ್ಳೆಯದನ್ನು ಉಳಿಸಿಕೊಂಡ ವಿದ್ಯೆ ಅದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಲಕ್ಷ ಸಲ ಟೆಸ್ಟ್ ಆದ ಕೋಡ್. ಬೇಕರ್ ಆ ಮೇಸ್ತ್ರಿಗಳ ಜೊತೆ ಕೂತು ಕಲಿತರು.

1963ರಲ್ಲಿ ದಂಪತಿ ಕೇರಳದ ವಾಗಮಣ್ ಬೆಟ್ಟಕ್ಕೆ ಬಂದರು. 1970ರ ಹೊತ್ತಿಗೆ ತಿರುವನಂತಪುರದ ನಾಲಾಂಚಿರದಲ್ಲಿ ನೆಲೆಸಿದರು. ಆಗ ಬೇಕರ್‌ಗೆ ಐವತ್ತು ದಾಟಿತ್ತು. ನಾವು ಇಂದು ಬೇಕರ್ ಶೈಲಿ ಎಂದು ಕರೆಯುವುದೆಲ್ಲ ಆಮೇಲಿನ ಮೂರು ದಶಕದ ಕೆಲಸ.

ಸಿಮೆಂಟ್, ಕಬ್ಬಿಣ ದುಬಾರಿಯಾಗಿದ್ದ ಕಾಲ. ಸಾಮಾನ್ಯ ಸಂಬಳದವರಿಗೆ ಸ್ವಂತ ಮನೆ ಕನಸಾಗಿತ್ತು. ಬೇಕರ್ ಕಚೇರಿ ತೆರೆಯಲಿಲ್ಲ. ಸಿಕ್ಕ ಹಾಳೆಯ ಮೇಲೆ ನಕ್ಷೆ ಗೀಚಿಕೊಂಡು ನೇರ ಕಟ್ಟುವ ಜಾಗಕ್ಕೆ ಹೋಗಿ ಮೇಸ್ತ್ರಿಗಳ ಜೊತೆ ನಿಲ್ಲುತ್ತಿದ್ದರು. ಮನೆಯವರು ಹೇಗೆ ಬದುಕುತ್ತಾರೆ, ಎಷ್ಟು ಜನ, ಎಲ್ಲಿ ಕೂತು ಉಣ್ಣುತ್ತಾರೆ ಎಂದು ಮೊದಲು ವಿಚಾರಿಸುತ್ತಿದ್ದರು. ಜಾಗದಲ್ಲಿದ್ದ ಮರ ಕಡಿಯಲು ಒಪ್ಪುತ್ತಿರಲಿಲ್ಲ. ಗೋಡೆಯೇ ಬಾಗಿ ಮರಕ್ಕೆ ದಾರಿ ಬಿಡುತ್ತಿತ್ತು. ಅವರ ಕೈಯಿಂದ ಬಡವರ ಮನೆಗಳೂ ಎದ್ದವು, ಮೀನುಗಾರರ ಮನೆಗಳೂ ಎದ್ದವು, ಮಧ್ಯಮ ವರ್ಗದವರ ಮನೆಗಳೂ ಎದ್ದವು. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರು ಉಳ್ಳೂರಿನಲ್ಲಿ ಸ್ಥಾಪಿಸಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಆವರಣವನ್ನು 1971ರಿಂದ ಕಟ್ಟಿದರು. ಅಲ್ಲಿಯ ಕಂಪ್ಯೂಟರ್ ಕೇಂದ್ರಕ್ಕೆ ಎರಡು ಸುತ್ತಿನ ಗೋಡೆ. ಹೊರಗಿನದು ರಂಧ್ರ ಬಿಟ್ಟು ಕಟ್ಟಿದ ಇಟ್ಟಿಗೆ ಜಾಲಿ. ಬಿಸಿಲು ಹೊರಗೋಡೆಯಲ್ಲೇ ಸೋಸಿಹೋಗುತ್ತದೆ, ಒಳಗೋಡೆಗೆ ನೇರ ತಾಗುವುದಿಲ್ಲ. ಗಾಜಿನ ಕಟ್ಟಡದೊಳಗೆ ದಿನವಿಡೀ ಎಸಿ ಹಾಕಿಕೊಂಡು ಕೂರುವ ನನ್ನಂಥವನಿಗೆ ಅದನ್ನು ನೋಡುವುದೇ ಒಂದು ಪಾಠ.

ಕಟ್ಟಡಗಳಷ್ಟೇ ಆಗಿದ್ದರೆ ಬೇಕರ್ ಒಬ್ಬ ಒಳ್ಳೆಯ ವಾಸ್ತುಶಿಲ್ಪಿಯಾಗಿ ಉಳಿಯುತ್ತಿದ್ದರು. ಅವರು ಸಣ್ಣ ಸಣ್ಣ ಪುಸ್ತಿಕೆಗಳನ್ನೂ ಬರೆದರು. ಕಟ್ಟಡದ ವೆಚ್ಚ ತಗ್ಗಿಸುವುದು ಹೇಗೆ, ಮಣ್ಣಿನ ಮನೆ, ಹಳ್ಳಿ ಮನೆಗಳ ನಕ್ಷೆ, ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು. ಬರಹವೂ ಅವರ ಕೈಯದೇ, ಚಿತ್ರವೂ ಅವರದೇ, ನಡುನಡುವೆ ತಮಾಷೆ. ರೂಢಿಯಲ್ಲಿ ಹೇಗೆ ಕಟ್ಟುತ್ತಾರೆ ಎಂಬುದಕ್ಕೆ ಒಂದು ಚಿತ್ರ, ಕಡಿಮೆ ಖರ್ಚಿನಲ್ಲಿ ಹೇಗೆ ಕಟ್ಟಬಹುದು ಎಂಬುದಕ್ಕೆ ಪಕ್ಕದಲ್ಲಿ ಇನ್ನೊಂದು. ಎಂಜಿನಿಯರಿಂಗ್ ಓದದವರಿಗೂ ಅರ್ಥವಾಗಬೇಕು, ಕಂಟ್ರಾಕ್ಟರನ ಎದುರು ಕೂತಾಗ ಮನೆಯ ಯಜಮಾನನಿಗೆ ಕೇಳುವ ಪ್ರಶ್ನೆ ಗೊತ್ತಿರಬೇಕು ಎಂಬುದು ಅವುಗಳ ಉದ್ದೇಶ.

ಒಂದೆರಡು ಪಾಠ ನೋಡಿ. ಪಂಚಾಂಗಕ್ಕೆ ಗುಂಡಿ ತೋಡುವಾಗ ಮಣ್ಣನ್ನು ಹೊರಗೆ ಎಸೆಯುತ್ತಾರೆ. ಆಮೇಲೆ ಒಳಗೆ ತುಂಬಲು ಅದೇ ಮಣ್ಣನ್ನು ಕೂಲಿ ಕೊಟ್ಟು ಹೊರಿಸುತ್ತಾರೆ. ತೋಡುವಾಗಲೇ ಒಳಬದಿಗೆ ಹಾಕಿಸಿದರೆ ಆ ಕೂಲಿ ಉಳಿಯುತ್ತದೆ. ಇದಕ್ಕೆ ಯಾವ ತಂತ್ರಜ್ಞಾನವೂ ಬೇಡ. ಕಿಟಕಿಯ ಲೆಕ್ಕವೂ ಹಾಗೆಯೇ. ಒಂದು ಚದರ ಅಡಿ ಕಿಟಕಿಗೆ ಆಗುವ ಖರ್ಚು ಅಷ್ಟೇ ಗೋಡೆಯ ಖರ್ಚಿನ ಹತ್ತು ಪಟ್ಟಿನವರೆಗೂ ಹೋಗಬಹುದೆಂದು ಅವರು ತೋರಿಸಿಕೊಟ್ಟರು. ಗಾಳಿ, ಬೆಳಕು ಮಾತ್ರ ಬೇಕಾದ ಕಡೆ ಇಟ್ಟಿಗೆ ಜಾಲಿ ಸಾಕು. ನಮ್ಮ ಹಳೆಯ ದೇವಸ್ಥಾನಗಳ ಜಾಲಂಧ್ರಗಳನ್ನು ಕಂಡವರಿಗೆ ಇದು ಹೊಸದೇನಲ್ಲ.

ಗೋಡೆಯ ಆಕಾರಕ್ಕೂ ಲೆಕ್ಕವಿದೆ. 1,000 ಚದರ ಅಡಿ ಜಾಗ ಬೇಕೆಂದುಕೊಳ್ಳಿ. 50 ಅಡಿ ಉದ್ದ, 20 ಅಡಿ ಅಗಲದ ಆಯತಕ್ಕೆ ಸುತ್ತಲಿನ ಗೋಡೆ 140 ಅಡಿ. ಅಷ್ಟೇ ಜಾಗ ಚೌಕವಾಗಿದ್ದರೆ ಸುಮಾರು 126 ಅಡಿ, ವೃತ್ತವಾಗಿದ್ದರೆ ಸುಮಾರು 112 ಅಡಿ. ಬೇಕರ್ ಕಟ್ಟಡಗಳಲ್ಲಿ ದುಂಡು ಗೋಡೆ ಜಾಸ್ತಿ ಯಾಕೆಂದರೆ ಚೆಂದಕ್ಕೆ ಮಾತ್ರ ಅಲ್ಲ.

ಗೋಡೆ ಕಟ್ಟಲು ಅವರು ಹೆಚ್ಚಾಗಿ ಬಳಸಿದ್ದು ರ‍್ಯಾಟ್ ಟ್ರ್ಯಾಪ್ ಬಾಂಡ್. ಕನ್ನಡದಲ್ಲಿ ಇಲಿಬೋನಿನ ಕಟ್ಟು ಎನ್ನೋಣ. ಇಟ್ಟಿಗೆಯನ್ನು ಮಲಗಿಸದೆ ಅದರ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ಗೋಡೆಯ ದಪ್ಪ ಅದೇ ಒಂಬತ್ತು ಇಂಚು, ಆದರೆ ನಡುವೆ ಪೊಳ್ಳು ಉಳಿಯುತ್ತದೆ. ಇಟ್ಟಿಗೆ ಸುಮಾರು ಕಾಲು ಭಾಗ ಉಳಿತಾಯ. ಪೊಳ್ಳಿನಲ್ಲಿರುವ ಗಾಳಿ ಬಿಸಿಲಿನ ಕಾವನ್ನು ಒಳಗೆ ಬಿಡುವುದಿಲ್ಲ. ಮೇಲೆ ಪ್ಲಾಸ್ಟರ್ ಬೇಡ, ಹಾಗಾಗಿ ಬಣ್ಣವೂ ಬೇಡ.

ತಾರಸಿಯ ಪಾಠ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸ್ಲ್ಯಾಬಿನ ಮೇಲೆ ಭಾರ ಬಿದ್ದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಒತ್ತಡ ತಡೆಯುವುದು ಕಾಂಕ್ರೀಟಿನ ಕೆಲಸ, ಎಳೆತ ತಡೆಯುವುದು ಕಬ್ಬಿಣದ ಸರಳಿನ ಕೆಲಸ. ಅಂದರೆ ಕೆಳಗಿನ ಅರ್ಧದಲ್ಲಿ, ಸರಳುಗಳ ನಡುವೆ ಇರುವ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ, ಭಾರ ಮಾತ್ರ. ಬೇಕರ್ ಅಲ್ಲಿ ಹಗುರ ವಸ್ತು ಇಟ್ಟರು. ಇದಕ್ಕೆ ಫಿಲ್ಲರ್ ಸ್ಲ್ಯಾಬ್ ಎಂದು ಹೆಸರು. ಕಾಂಕ್ರೀಟ್ ಸುಮಾರು ಶೇ 30ರಷ್ಟು ಉಳಿಯುತ್ತದೆ. ಅವರು ಹೆಚ್ಚಾಗಿ ಇಟ್ಟ ಹಗುರ ವಸ್ತು ಯಾವುದು ಗೊತ್ತೇ? ಒಂದರ ಮೇಲೊಂದು ಜೋಡಿಸಿದ ಎರಡು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಸುಡಲು ಆರಂಭಿಸಿದ ಹೆಂಚು ನೂರು ವರ್ಷದ ಮೇಲೆ ತಿರುವನಂತಪುರದ ತಾರಸಿಯ ಹೊಟ್ಟೆ ಸೇರಿತು. ನಾವು ಊರಿನಲ್ಲಿ ಹಳೆ ಮನೆ ಕೆಡವುವಾಗ ಸಿಕ್ಕ ಬೆಲೆಗೆ ಮಾರುವ, ಇಲ್ಲವೇ ಕೊಟ್ಟಿಗೆ ಹಿಂದೆ ರಾಶಿ ಹಾಕಿ ಪಾಚಿಗಟ್ಟಲು ಬಿಡುವ ಅದೇ ಹೆಂಚು.

ಹಣದ ಉಳಿತಾಯದ ಹಿಂದೆ ಇನ್ನೊಂದು ಲೆಕ್ಕ ಅವರಿಗಿತ್ತು. ಸಿಮೆಂಟ್ ತಯಾರಾಗಲು ಗೂಡಿನಲ್ಲಿ ಸುಮಾರು 1,450 ಡಿಗ್ರಿ ಕಾವು ಬೇಕು. ಸುಣ್ಣಕ್ಕೆ 900 ಡಿಗ್ರಿಯ ಆಸುಪಾಸು ಸಾಕು. ಹಸಿ ಮಣ್ಣಿಗೆ ಬೆಂಕಿಯೇ ಬೇಡ. ಇಂದು ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7–8ರಷ್ಟು ಸಿಮೆಂಟಿನಿಂದಲೇ ಬರುತ್ತದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಹವಾಮಾನದ ಮಾತು ಸುದ್ದಿಯಾಗುವ ಎಷ್ಟೋ ಮೊದಲು ಬೇಕರ್ ಒಂದೊಂದು ಸಾಮಗ್ರಿಗೂ ಎಷ್ಟು ಇಂಧನ ಉರಿದಿದೆ ಎಂದು ಕೇಳುತ್ತಿದ್ದರು. ಸುಟ್ಟ ಇಟ್ಟಿಗೆಗೂ ಸೌದೆ ಬೇಕೆಂಬ ಕಾರಣಕ್ಕೆ ಕೊನೆಕೊನೆಗೆ ಮಣ್ಣಿನ ಕಡೆಗೆ ಇನ್ನಷ್ಟು ವಾಲಿದರು.

1985ರಲ್ಲಿ ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್, ಕೆ.ಎನ್. ರಾಜ್, ಟಿ.ಆರ್. ಚಂದ್ರದತ್ ಅವರ ಜೊತೆ ಬೇಕರ್ ಸೇರಿ ತ್ರಿಶೂರಿನಲ್ಲಿ ಕಾಸ್ಟ್‌ಫೋರ್ಡ್ ಸಂಸ್ಥೆ ಕಟ್ಟಿದರು. ಒಬ್ಬ ವ್ಯಕ್ತಿಯ ಕೈಚಳಕವಾಗಿದ್ದದ್ದು ಹೀಗೆ ನೂರಾರು ಎಂಜಿನಿಯರ್, ಮೇಸ್ತ್ರಿಗಳಿಗೆ ಹರಡಿತು. ಅದೇ ದಶಕದಲ್ಲಿ ಕೊಲ್ಲಂನಲ್ಲಿ ದೇಶದ ಮೊದಲ ನಿರ್ಮಿತಿ ಕೇಂದ್ರ ಆರಂಭವಾಯಿತು. ಇಂದು ನಮ್ಮ ಕರ್ನಾಟಕದ ಜಿಲ್ಲೆಗಳಲ್ಲಿ ಕಾಣುವ ನಿರ್ಮಿತಿ ಕೇಂದ್ರಗಳ ಮೂಲ ಅಲ್ಲಿದೆ. ನಮ್ಮಲ್ಲೂ ಇಂಥ ಕೆಲಸ ನಡೆಯದೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಹುಟ್ಟುಹಾಕಿದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ದುಡಿದರು. ಬೆಂಗಳೂರಿನಲ್ಲಿ ಇಂದು ಕಾಣುವ ಮಣ್ಣಿನ ಮನೆಗಳ ಹಿಂದೆ ಆ ಶ್ರಮವಿದೆ.

ಬೇಕರ್ 1980ರ ದಶಕದ ಕೊನೆಯಲ್ಲಿ ಭಾರತದ ಪೌರತ್ವ ಪಡೆದರು. 1990ರಲ್ಲಿ ಪದ್ಮಶ್ರೀ ಬಂತು. ಅವರು ಬದುಕಿದ್ದು ಮಾತ್ರ ನಾಲಾಂಚಿರದ ಕಲ್ಲುಗುಡ್ಡದ ಇಳಿಜಾರಿನಲ್ಲಿ, ದಿ ಹ್ಯಾಮ್ಲೆಟ್ ಎಂಬ ಮನೆಯಲ್ಲಿ. ಒಂದೇ ಸಲ ಕಟ್ಟಿದ ಮನೆಯಲ್ಲ ಅದು. ಬೇಕಾದ ಹಾಗೆ, ಕೈಗೆ ಹಣ, ಸಾಮಾನು ಬಂದ ಹಾಗೆ ವರ್ಷಗಳ ಕಾಲ ಬೆಳೆಯಿತು. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಹೆಂಚು, ಬಣ್ಣದ ಬಾಟಲಿಗಳು ಅಲ್ಲಿ ಗೋಡೆ ಸೇರಿದವು. 2007ರ ಏಪ್ರಿಲ್ 1ರಂದು, 90ನೇ ವಯಸ್ಸಿನಲ್ಲಿ, ತಿರುವನಂತಪುರದಲ್ಲೇ ಅವರು ಕೊನೆಯುಸಿರೆಳೆದರು.

ಹಾಗೆಂದು ಬೇಕರ್ ಮನೆಯನ್ನು ಕಣ್ಣುಮುಚ್ಚಿ ನಕಲು ಮಾಡಲು ಹೊರಟರೆ ಅದು ಬೇಕರ್ ಪಾಠವೇ ಅಲ್ಲ. ಕರಾವಳಿಯ ಮಳೆಯಲ್ಲಿ ಸೂರಿನ ನೆರಳಿಲ್ಲದ ಬರಿ ಇಟ್ಟಿಗೆ ಗೋಡೆ ಪಾಚಿ ಹಿಡಿಯುತ್ತದೆ. ಪಡುವಣ ದಿಕ್ಕಿನ ಜಾಲಿಯಲ್ಲಿ ಜುಲೈ ತಿಂಗಳ ಎರಚಲು ಒಳಗೇ ಬರುತ್ತದೆ. ಇಲಿಬೋನಿನ ಕಟ್ಟಿಗೆ ಕೈ ಪಳಗಿದ ಮೇಸ್ತ್ರಿ ಬೇಕು. ಗೊತ್ತಿಲ್ಲದವರ ಕೈಗೆ ಕೊಟ್ಟರೆ ಉಳಿದ ಇಟ್ಟಿಗೆಯ ಹಣ ಕೂಲಿಗೆ ಹೋಗುತ್ತದೆ. ಫಿಲ್ಲರ್ ಸ್ಲ್ಯಾಬಿನ ಸರಳಿನ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ಇನ್ನು ಪ್ಲಾಸ್ಟರ್ ಇಲ್ಲದ ಮನೆ ಬಡವರ ಮನೆ ಎಂಬ ನಮ್ಮ ಜನರ ಅಭಿಪ್ರಾಯ ಬೇರೆ. ದೂರದೂರಲ್ಲಿ ಮಗ ಸಂಪಾದಿಸುತ್ತಿರುವಾಗ ಅಪ್ಪ ಅರೆಬರೆ ಮನೆಯಲ್ಲಿದ್ದಾನೆ ಎಂದು ಯಾರಾದರೂ ಅಂದಾರು ಎಂಬ ಅಳುಕು ಅಪ್ಪಯ್ಯನಿಗೂ ಇದೆ. ಆ ಅಳುಕನ್ನು ನಾನು ಹಗುರವಾಗಿ ನೋಡಲಾರೆ. ಊರಲ್ಲಿ ದಿನವೂ ನಾಲ್ಕು ಜನರ ಮುಖ ನೋಡುವವರು ಅವರು, ನಾನಲ್ಲ.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ನಡೆದಿರುವುದು ರಾಜಿ. ಹೊರಗೋಡೆಗೆ ನಮ್ಮೂರಿನದೇ ಕೆಂಪುಕಲ್ಲು, ಕಲ್ಲು ಕಾಣುವ ಹಾಗೆ. ಒಳಗೆ ಅಪ್ಪಯ್ಯನ ಇಷ್ಟದಂತೆ ಪ್ಲಾಸ್ಟರ್. ಸೂರು ಮುಂದಕ್ಕೆ ಚಾಚಬೇಕು, ಅಡುಗೆಮನೆಗೆ ಮೂಡಣ ಬೆಳಕು ಬೇಕೆಂದು ಅಮ್ಮನ ಕರಾರು. ತಾರಸಿಗೆ ಅಜ್ಜನ ಹೆಂಚು. ಮಾರುವ ಮಾತು ನಿಂತಿದೆ. ಅಮ್ಮ ಒಡೆಯದ ಹೆಂಚುಗಳನ್ನು ಬೇರೆ ಮಾಡಿಸಿ ಎಣಿಸಿಟ್ಟಿದ್ದಾಳೆ. ಮೊದಲಿನ ಅಂದಾಜಿನಲ್ಲಿದ್ದ, ಯಾರೂ ಹತ್ತದ ಒಂದು ಬಾಲ್ಕನಿ ಹೋಗಿದೆ. ಅದರ ಹಣದಲ್ಲಿ ಹಿಂದೆ ಒಂದು ಜಗಲಿ ಬಂದಿದೆ.

ನೀವೂ ದುಬೈಯಲ್ಲೋ ಪುಣೆಯಲ್ಲೋ ಚೆನ್ನೈಯಲ್ಲೋ ಕೂತು ಊರಿನ ಮನೆಗೆ ಹಣ ಕಳಿಸುತ್ತಿದ್ದರೆ, ಮುಂದಿನ ಕಂತು ಕಳಿಸುವ ಮೊದಲು ಕೆಲವು ಪ್ರಶ್ನೆ ಕೇಳಿ ನೋಡಿ. ಈ ಮನೆಯಲ್ಲಿ ನಿಜವಾಗಿ ಇರುವವರು ಎಷ್ಟು ಜನ? ಗಾಳಿ ಯಾವ ದಿಕ್ಕಿನಿಂದ ಬಂದು ಎಲ್ಲಿಂದ ಹೋಗುತ್ತದೆ? ಹತ್ತಿರದಲ್ಲೇ ಸಿಗುವ ಸಾಮಗ್ರಿ ಯಾವುದು, ಅದನ್ನು ಬಲ್ಲ ಮೇಸ್ತ್ರಿ ಯಾರು? ಹಳೆ ಮನೆಯಲ್ಲಿ ಉಳಿಸಿಕೊಳ್ಳಬಹುದಾದದ್ದು ಏನಿದೆ? ಅಂದಾಜಿನ ಪಟ್ಟಿಯಲ್ಲಿ ಯಾವ ಸಾಲು ಇರುವವರಿಗಾಗಿ, ಯಾವುದು ನೋಡುವವರಿಗಾಗಿ? ಉತ್ತರ ಬೇರೆ ಬೇರೆ ಇರಬಹುದು. ಕೇಳುವ ಹಕ್ಕು ಹಣ ಕೊಡುವವರಿಗೂ ಇದೆ, ಅಲ್ಲಿ ಬಾಳುವವರಿಗೆ ಅದಕ್ಕಿಂತ ಹೆಚ್ಚು ಇದೆ.

ಕೊಚ್ಚಿಯಿಂದ ತಿರುವನಂತಪುರ ಸುಮಾರು 200 ಕಿಲೋಮೀಟರ್. ಆ ಕಡೆ ಹೋದರೆ ತಂಪಾನೂರಿನ ರೈಲು ನಿಲ್ದಾಣದಿಂದ ಹೊರಗೆ ಬಂದು ಬಸ್ ನಿಲ್ದಾಣದ ಪಕ್ಕ ನೋಡಿ, ಕೆಂಪು ಇಟ್ಟಿಗೆಯ ದುಂಡು ಗೋಪುರವೊಂದು ಕಾಣುತ್ತದೆ. ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್. ಒಳಗೆ ಮೆಟ್ಟಿಲಿಲ್ಲ, ಮಹಡಿಯಿಲ್ಲ. ಸುರುಳಿಯಾಗಿ ಮೇಲೇರುವ ಒಂದೇ ಇಳಿಜಾರು, ಅದರ ಹೊರ ಅಂಚಿಗೆ ಸಾಲಾಗಿ ಮೇಜು. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲೇ ಹೋಗಿ. ಒಂದು ಕಾಫಿ ಹೇಳಿ, ಜಾಲಿಯ ಪಕ್ಕ ಕೂತು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ. ಆಮೇಲೆ ಊರಿಗೆ ಫೋನ್ ಮಾಡಿ, ಪ್ಲ್ಯಾನಿನ ಮಾತು ಮುಂದುವರಿಸಿ.